ಬಂದರು ಕಟ್ಟಿದರೆ ಹಡಗು ಬರುತ್ತದೆಯೇ?

2023ರ ಮೇ ಕೊನೆ ಮತ್ತು ಜೂನ್ ತಿಂಗಳಲ್ಲಿ ಉತ್ತರ ವಿಯೆಟ್ನಾಂನಲ್ಲಿ ಕರೆಂಟ್ ಕೈಕೊಟ್ಟಿತು. ಬಿಸಿಲು ವಿಪರೀತ, ಮಳೆ ತಡ, ದೊಡ್ಡ ಜಲಾಶಯಗಳಲ್ಲಿ ನೀರು ತಳ ಮುಟ್ಟಿತ್ತು. ದೇಶದ ಆ ಭಾಗ ಬಹುಮಟ್ಟಿಗೆ ನೆಚ್ಚಿಕೊಂಡಿರುವುದು ಜಲವಿದ್ಯುತ್ತನ್ನೇ. ಹನೋಯ್ ನಗರದಲ್ಲಿ ಬೀದಿದೀಪಗಳನ್ನು ಬೇಗ ಆರಿಸಲು ಶುರು ಮಾಡಿದರು. ಪಕ್ಕದ ಬಾಕ್ ನಿನ್, ಬಾಕ್ ಜಾಂಗ್ ಪ್ರಾಂತ್ಯಗಳ ಕೈಗಾರಿಕಾ ಪ್ರದೇಶಗಳಿಗೂ ಕಡಿತದ ಬಿಸಿ ತಟ್ಟಿತು. ಸ್ಯಾಮ್ಸಂಗ್, ಕ್ಯಾನನ್, ಫಾಕ್ಸ್‌ಕಾನ್‌ನಂಥ ಕಂಪನಿಗಳು ನೆಲೆಯೂರಿರುವುದು 2025ರಲ್ಲಿ ಒಂದಾದ ಈ ಎರಡು ಪ್ರಾಂತ್ಯಗಳಲ್ಲಿ.

ಮನೆಯಲ್ಲಿ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಬಂದಾಗ ಮತ್ತೆ ತಿರುಗುತ್ತದೆ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಲೆಕ್ಕವೇ ಬೇರೆ. ಅಲ್ಲಿ ಸರ್ಕ್ಯೂಟ್ ಬೋರ್ಡ್ ಮೇಲೆ ಸಣ್ಣಸಣ್ಣ ಬಿಡಿಭಾಗಗಳನ್ನು ಕೂರಿಸಿ, ಬೆಸುಗೆ ಕರಗಿ ಹಿಡಿದುಕೊಳ್ಳಲೆಂದು ಉದ್ದನೆಯ ಬಿಸಿ ಒಲೆಯೊಳಗೆ ಹಾಯಿಸುತ್ತಾರೆ. ಶಾಖ ಇಂತಿಷ್ಟೇ ಇರಬೇಕು, ಇಂತಿಷ್ಟೇ ಸೆಕೆಂಡು ಇರಬೇಕು. ಅರ್ಧದಲ್ಲಿ ಕರೆಂಟ್ ಹೋದರೆ ಒಳಗಿದ್ದ ಬೋರ್ಡುಗಳಲ್ಲಿ ಎಷ್ಟೋ ಗುಜರಿಗೆ ಹೋಗುತ್ತವೆ. ಕರೆಂಟ್ ಬಂದ ಮೇಲೂ ಒಲೆ ಹದಕ್ಕೆ ಬರುವವರೆಗೆ ಕಾಯಬೇಕು. ಪಕ್ಕದ ಶೆಡ್ಡಿನ ಪ್ಲಾಸ್ಟಿಕ್ ಅಚ್ಚಿನ ಯಂತ್ರದಲ್ಲಿ ಕರಗಿದ್ದ ಪ್ಲಾಸ್ಟಿಕ್ ಒಳಗೇ ಗಟ್ಟಿಯಾಗಿ ಕೂತಿರುತ್ತದೆ. ಹತ್ತು ನಿಮಿಷದ ಕಡಿತ ಹಲವು ಗಂಟೆಗಳ ದುಡಿಮೆ ನುಂಗುವುದು ಹೀಗೆ. ಆ ಬೇಸಿಗೆಯ ಕಡಿತದಿಂದ ವಿಯೆಟ್ನಾಂಗೆ ಆದ ನಷ್ಟ ಸುಮಾರು 140 ಕೋಟಿ ಡಾಲರ್, ಅಂದರೆ ಜಿಡಿಪಿಯ ಶೇ 0.3ರಷ್ಟು ಎಂದು ವಿಶ್ವಬ್ಯಾಂಕ್ ಅಂದಾಜು ಮಾಡಿತು.

ಆಮೇಲೆ ನಡೆದದ್ದು ಇನ್ನೂ ಕುತೂಹಲದ್ದು. ದೇಶದ ಮಧ್ಯ ಮತ್ತು ದಕ್ಷಿಣ ಭಾಗದಲ್ಲಿ ವಿದ್ಯುತ್ ಇತ್ತು, ಉತ್ತರಕ್ಕೆ ತರಲು ಸಾಕಷ್ಟು ತಂತಿ ಇರಲಿಲ್ಲ. ಕ್ವಾಂಗ್ ಟ್ರಾಕ್‌ನಿಂದ ಹನೋಯ್ ಸಮೀಪದ ಫೋ ನೋಯ್‌ವರೆಗೆ 519 ಕಿ.ಮೀ. ಉದ್ದದ 500 ಕಿಲೋವೋಲ್ಟ್ ಮಾರ್ಗಕ್ಕೆ 2024ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಸೈನಿಕರು, ಪೊಲೀಸರು, ಯುವ ಸಂಘಟನೆಯವರು ಎಲ್ಲರನ್ನೂ ಇಳಿಸಿದರು. ಆಗಸ್ಟ್ 29ಕ್ಕೆ ಉದ್ಘಾಟನೆಯೂ ಆಯಿತು. ಮಾಮೂಲಿಯಾಗಿ ಮೂರ್ನಾಲ್ಕು ವರ್ಷ ಹಿಡಿಯುವ ಕೆಲಸ ಇದು. ಏಕಪಕ್ಷದ ಆಡಳಿತ, ಭೂಮಿ ಸರ್ಕಾರದ ಕೈಯಲ್ಲಿ, ಅದಕ್ಕೇ ಸಾಧ್ಯವಾಯಿತು ಎನ್ನಬಹುದು. ಅದು ನಿಜವೂ ಹೌದು. ಆದರೆ ಇಂಥದ್ದೇ ಅಧಿಕಾರ ಇದ್ದ ಬೇರೆ ಸರ್ಕಾರಗಳು ಯಾರಿಗೂ ಬೇಡದ ವಿಮಾನ ನಿಲ್ದಾಣ ಕಟ್ಟಿದ್ದೂ ಇದೆ. ಎಲ್ಲಿ ಕತ್ತು ಹಿಸುಕುತ್ತಿದೆಯೋ ಅಲ್ಲಿಗೇ ದುಡ್ಡು ಹಾಕಿದ್ದು ವಿಯೆಟ್ನಾಂನ ಜಾಣತನ.

ಮೂಲಸೌಕರ್ಯ ಇದ್ದರೆ ವಿದೇಶಿ ಬಂಡವಾಳ ಬರುತ್ತದೆ, ಬಂಡವಾಳ ಬಂದರೆ ದೇಶ ಬೆಳೆಯುತ್ತದೆ ಎಂಬ ಮಾತನ್ನು ಮಂತ್ರಿಗಳಿಂದ ಹಿಡಿದು ಟಿವಿ ಚರ್ಚೆಯವರೆಗೆ ಎಲ್ಲರೂ ಹೇಳುತ್ತಾರೆ. ಅರ್ಧ ಸತ್ಯ. ಕಾರ್ಖಾನೆ ಹಾಕಲು ಬರುವವನು ಆ ದೇಶದಲ್ಲಿ ಎಷ್ಟು ಕಿಲೋಮೀಟರ್ ರಸ್ತೆ ಇದೆ ಎಂದು ಎಣಿಸುವುದಿಲ್ಲ. ಸೋಮವಾರ ಗೇಟು ದಾಟಿದ ಸರಕು ಯಾವ ದಿನ ಹಡಗು ಹತ್ತುತ್ತದೆ ಎಂಬುದನ್ನು ಮೊದಲೇ ಹೇಳಲು ಬರುತ್ತದೆಯೇ ಎಂದು ನೋಡುತ್ತಾನೆ. ತಡವಾಗುವುದಾದರೆ ತಡವನ್ನೂ ಲೆಕ್ಕ ಹಾಕಿಕೊಳ್ಳುತ್ತಾನೆ, ಲೆಕ್ಕಕ್ಕೇ ಸಿಗದ ತಡ ಅವನನ್ನು ಓಡಿಸುತ್ತದೆ. ಇಡೀ ದಾರಿಯಲ್ಲಿ ಒಂದು ಕಡೆ ಅಡಚಣೆಯಿದ್ದರೂ ಉಳಿದ ಕಡೆ ಸುರಿದ ಕಾಂಕ್ರೀಟಿಗೆ ಪೂರ್ತಿ ಬೆಲೆ ಸಿಗುವುದಿಲ್ಲ.

ಹೈಫಾಂಗ್ ಬಂದರಿನ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಉತ್ತರ ವಿಯೆಟ್ನಾಂನ ಹೆಬ್ಬಾಗಿಲು ಇದೇ ಆದರೂ ಹಳೆಯ ಬಂದರು ಇರುವುದು ನದಿಯ ಒಳಗೆ. ಹೂಳು, ಕಡಿಮೆ ಆಳ. ಖಂಡಾಂತರ ಹೋಗುವ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಕಂಟೇನರ್‌ಗಳನ್ನು ಸಣ್ಣ ಹಡಗಿನಲ್ಲಿ ಹಾಂಗ್‌ಕಾಂಗಿಗೋ ಸಿಂಗಪುರಕ್ಕೋ ಒಯ್ದು, ಅಲ್ಲಿ ಇಳಿಸಿ, ಮತ್ತೆ ದೊಡ್ಡ ಹಡಗಿಗೆ ಏರಿಸಬೇಕಿತ್ತು. ಪ್ರತಿ ಸಲವೂ ದುಡ್ಡು, ಪ್ರತಿ ಸಲವೂ ದಿನಗಳು. ಇದನ್ನು ಬಿಡಿಸಿದ್ದು ಒಂದೇ ಕಾಮಗಾರಿಯಲ್ಲ. 2015ರ ಡಿಸೆಂಬರಿನಲ್ಲಿ ಹನೋಯ್–ಹೈಫಾಂಗ್ ನಡುವೆ 105 ಕಿ.ಮೀ. ಎಕ್ಸ್‌ಪ್ರೆಸ್‌ವೇ ತೆರೆಯಿತು. 2017ರಲ್ಲಿ ಕಡಲ ಮೇಲೆ 5.4 ಕಿ.ಮೀ. ಸೇತುವೆ ಮುಗಿಯಿತು. 2018ರ ಮೇ ತಿಂಗಳಲ್ಲಿ ಆ ಸೇತುವೆಯ ಆಚೆ ತುದಿಯಲ್ಲಿ ಲಾಕ್ ಹುಯೆನ್ ಆಳ ಬಂದರು ಶುರುವಾಯಿತು. ಮೂರರಲ್ಲಿ ಒಂದು ಬಾಕಿ ಉಳಿದಿದ್ದರೂ ಉಳಿದೆರಡು ಫೋಟೊಕ್ಕೆ ಚೆಂದ ಕಾಣುತ್ತಿದ್ದವು, ಅಷ್ಟೇ. ಸೇತುವೆಗೂ ಬಂದರಿಗೂ ಹಣ ಬಹುಮಟ್ಟಿಗೆ ಬಂದದ್ದು ಜಪಾನಿನ ಅಗ್ಗದ ಬಡ್ಡಿಯ ನೆರವು ಸಾಲದಿಂದ. ಜಪಾನಿಗೆ ಇದು ದಾನವೇನಲ್ಲ, ಆ ಬಂದರಿನಿಂದ ಸರಕು ಕಳಿಸುವ ಕಂಪನಿಗಳಲ್ಲಿ ಅವರದೇ ಎಷ್ಟೋ ಇವೆ.

ಇಲ್ಲಿ ಇಸವಿಗಳ ಕಡೆ ಗಮನ ಕೊಡಬೇಕು. ಜಪಾನಿನ ಸುಮಿಟೊಮೊ ಕಂಪನಿ ಹನೋಯ್ ಹೊರವಲಯದಲ್ಲಿ ಥಾಂಗ್ ಲಾಂಗ್ ಕೈಗಾರಿಕಾ ಪಾರ್ಕ್ ಆರಂಭಿಸಿದ್ದು 1997ರಲ್ಲಿ. ಸ್ಯಾಮ್ಸಂಗ್ ಬಾಕ್ ನಿನ್‌ನಲ್ಲಿ ಫೋನ್ ತಯಾರಿಸಲು ಶುರು ಮಾಡಿದ್ದು 2009ರಲ್ಲಿ. ಆಗ ಆಳ ಬಂದರೂ ಇರಲಿಲ್ಲ, ಎಕ್ಸ್‌ಪ್ರೆಸ್‌ವೇಯೂ ಇರಲಿಲ್ಲ. ಮೊಬೈಲ್ ಫೋನು ಹಗುರ, ಬೆಲೆ ಹೆಚ್ಚು, ವಿಮಾನದಲ್ಲಿ ಹೋಗುತ್ತದೆ. ನೋಯ್ ಬಾಯ್ ವಿಮಾನ ನಿಲ್ದಾಣ ಹತ್ತಿರವಿತ್ತು, ಅದಕ್ಕೆ ರಸ್ತೆಯಿತ್ತು, ಮೊದಲಿಗೆ ಅಷ್ಟು ಸಾಕಾಯಿತು. ಫ್ರಿಜ್ಜು, ವಾಷಿಂಗ್ ಮಷೀನು ಮಾಡುವವರು ಬಂದ ಮೇಲೆ, ಸರಕಿನ ತೂಕ ಏರಿದ ಮೇಲೆ ಹಳೆಯ ಬಂದರು ಉಸಿರುಗಟ್ಟಿತು, ಆಗ ಹೊಸದು ಬಂತು. ಹೀಗಾಗಿ ಸೌಕರ್ಯ ಮೊದಲೋ ಹೂಡಿಕೆ ಮೊದಲೋ ಎಂದರೆ ಎರಡೂ ಒಂದನ್ನೊಂದು ಎಳೆದುಕೊಂಡು ಬಂದವು ಎಂದೇ ಹೇಳಬೇಕು. ಇಡೀ ದೇಶದ ಸೌಕರ್ಯ ಸರಿಹೋಗುವವರೆಗೆ ಕಾಯದೆ, ಪಾರ್ಕಿನ ಬೇಲಿಯೊಳಗೆ ಸಬ್‌ಸ್ಟೇಷನ್, ನೀರು, ಕೊಳಚೆ ಶುದ್ಧೀಕರಣ ಮೊದಲು ಒದಗಿಸಿದ್ದು ಬಡ ದೇಶವೊಂದಕ್ಕೆ ಎಟುಕುವ ದಾರಿಯಾಗಿತ್ತು.

ಶ್ರೀಲಂಕಾದಲ್ಲಿ ಇದರ ಎರಡೂ ಮುಖ ಒಂದೇ ದ್ವೀಪದಲ್ಲಿ ಕಾಣಸಿಗುತ್ತವೆ. ಚೀನಾದ ಸಾಲದಲ್ಲಿ ಕಟ್ಟಿದ ಹಂಬಂತೋಟ ಬಂದರು ಎಂದ ಕೂಡಲೇ ಸಾಲದ ಬಲೆ ಎಂಬ ಮಾತು ಬರುತ್ತದೆ. ಆದರೆ ಅದೇ ದಶಕದಲ್ಲಿ ಕೊಲಂಬೊದಲ್ಲೂ ಹೊಸ ಬಂದರು ಎದ್ದಿತು, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಅಲೆತಡೆ ಗೋಡೆ ಕಟ್ಟಿ, ಅದರೊಳಗೆ 18 ಮೀಟರ್ ಆಳದ ಕಂಟೇನರ್ ಟರ್ಮಿನಲ್ ಮಾಡಿದರು. 2013ರಲ್ಲಿ ಅದನ್ನು ನಡೆಸಲು ಶುರು ಮಾಡಿದ್ದು ಚೈನಾ ಮರ್ಚೆಂಟ್ಸ್ ಕಂಪನಿ. ಹಂಬಂತೋಟವನ್ನು 2017ರಲ್ಲಿ 99 ವರ್ಷಕ್ಕೆ ಗುತ್ತಿಗೆ ಪಡೆದದ್ದೂ ಅದೇ ಕಂಪನಿ! ಕೊಲಂಬೊ ಟರ್ಮಿನಲ್ ಬೇಗನೇ ತುಂಬಿಕೊಂಡಿತು. ಕಾರಣ ಭಾರತದ ಕಂಟೇನರ್‌ಗಳು. ನಮ್ಮ ಬಂದರುಗಳಿಗೆ ಬರಲಾಗದ ದೊಡ್ಡ ಹಡಗುಗಳಿಗೆ ಸರಕು ಹತ್ತಿಸುವ ಜಾಗ ಆಗಲೇ ಕೊಲಂಬೊ ಆಗಿತ್ತು. ಹಂಬಂತೋಟ 2010ರ ನವೆಂಬರಿನಲ್ಲಿ ತೆರೆದಾಗ ಅದರ ಹಿಂದೆ ಕಾರ್ಖಾನೆಯಿರಲಿಲ್ಲ, ದೊಡ್ಡ ಪಟ್ಟಣವಿರಲಿಲ್ಲ, ಕಾದು ನಿಂತ ಸರಕಿರಲಿಲ್ಲ. ಅಂದಿನ ಅಧ್ಯಕ್ಷ ಮಹಿಂದ ರಾಜಪಕ್ಸ ಅವರ ತವರು ಜಿಲ್ಲೆ ಅದು, ಅದಿತ್ತು. ಪಕ್ಕದ ಮತ್ತಲದಲ್ಲಿ 2013ರಲ್ಲಿ ಸುಮಾರು 20 ಕೋಟಿ ಡಾಲರಿನ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವೂ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ವಿಮಾನಗಳು ಬಾರದೆ ಅದರ ಸರಕು ಗೋದಾಮಿನಲ್ಲಿ ಭತ್ತ ಶೇಖರಿಸಿಡುವ ಪರಿಸ್ಥಿತಿ ಬಂತು.

ಹಂಬಂತೋಟದಲ್ಲಿ ಈಚೆಗೆ ಕಾರುಗಳನ್ನು ಸಾಗಿಸುವ ಹಡಗುಗಳಿಂದ ವ್ಯವಹಾರ ಚಿಗುರಿದೆ ಎಂಬುದನ್ನೂ ಹೇಳಬೇಕು. ಬಂದರು ಕೊಳೆತುಹೋಗುವ ವಸ್ತುವಲ್ಲ, ಹತ್ತು ವರ್ಷ ತಡವಾಗಿಯಾದರೂ ಕೆಲಸಕ್ಕೆ ಬರಬಹುದು. ಆದರೆ ಸಾಲದ ಕಂತು ಹತ್ತು ವರ್ಷ ಕಾಯುವುದಿಲ್ಲ. ಗುತ್ತಿಗೆಯಿಂದ ಬಂದ 112 ಕೋಟಿ ಡಾಲರ್ ಆ ಬಂದರಿನ ಸಾಲ ತೀರಿಸಲು ಹೋಗಲಿಲ್ಲ, ದೇಶದ ವಿದೇಶಿ ವಿನಿಮಯ ಸಂಗ್ರಹಕ್ಕೆ ಹೋಯಿತು, ಏಕೆಂದರೆ ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಬಾಂಡ್ ಮಾರಿ ಎತ್ತಿದ್ದ ಸಾಲದ ಒತ್ತಡವೇ ಹೆಚ್ಚಾಗಿತ್ತು. 2022ರಲ್ಲಿ ಶ್ರೀಲಂಕಾ ದಿವಾಳಿಯಾದಾಗ ಹಂಬಂತೋಟವೊಂದನ್ನೇ ದೂರುವುದು ಸುಲಭದ ದಾರಿಯಾಯಿತು. ರೂಪಾಯಿಯಲ್ಲೂ ಗಳಿಕೆ ತರದ ಯೋಜನೆಗಳಿಗೆ ಡಾಲರಿನಲ್ಲಿ ಸಾಲ ಮಾಡಿದ್ದು ಕಾಯಿಲೆ, ಆ ಬಂದರು ಅದರ ಒಂದು ಲಕ್ಷಣ.

ಮೂಲಸೌಕರ್ಯದಿಂದ ನಿಜಕ್ಕೂ ಆದಾಯ ಹೆಚ್ಚುತ್ತದೆಯೋ ಅಥವಾ ಹೇಗೂ ಬೆಳೆಯಲಿದ್ದ ಊರಿಗೇ ರಸ್ತೆ ಹೋಗುತ್ತದೆಯೋ ಎಂಬ ಸಂಶಯ ಅರ್ಥಶಾಸ್ತ್ರಜ್ಞರಿಗೆ ಹಳೆಯದು. ಇದನ್ನು ಬಿಡಿಸಲು ಅರ್ಥಶಾಸ್ತ್ರಜ್ಞ ಡೇವ್ ಡೊನಾಲ್ಡ್‌ಸನ್ ಬ್ರಿಟಿಷರ ಕಾಲದ ಭಾರತದ ರೈಲು ದಾಖಲೆಗಳಿಗೆ ಕೈ ಹಾಕಿದರು. ರೈಲು ಬಂದ ಜಿಲ್ಲೆಗಳಲ್ಲಿ ಕೃಷಿಯ ನೈಜ ಆದಾಯ ಸುಮಾರು ಶೇ 16ರಷ್ಟು ಹೆಚ್ಚಿತ್ತು. ಆಮೇಲೆ ಅವರು ನೋಡಿದ್ದು ಸರ್ವೆಯಾಗಿ, ಯೋಜನೆಯಾಗಿ, ಕೊನೆಗೆ ಕಟ್ಟದೇ ಬಿಟ್ಟ ಮಾರ್ಗಗಳನ್ನು. ಆ ಜಿಲ್ಲೆಗಳಲ್ಲಿ ಅಂಥ ಏರಿಕೆಯೇನೂ ಕಾಣಲಿಲ್ಲ. ಅಂದರೆ ಒಳ್ಳೆಯ ಜಿಲ್ಲೆಗಳನ್ನು ಆರಿಸಿದ್ದರಿಂದ ಆದ ಏರಿಕೆಯಲ್ಲ, ರೈಲಿನಿಂದಲೇ ಆದದ್ದು. ಉಪ್ಪು ಎಲ್ಲಿಂದ ಎಲ್ಲಿಗೆ ಎಷ್ಟು ಬೆಲೆಗೆ ಹೋಯಿತು ಎಂಬುದರಿಂದ ಸಾಗಣೆ ವೆಚ್ಚ ಅಳೆದದ್ದು ಆ ಅಧ್ಯಯನದಲ್ಲಿ ನನಗೆ ಬಹಳ ಇಷ್ಟವಾದ ಭಾಗ. ಆದರೆ ಒಂದು ಮಾತು ನೆನಪಿರಲಿ. ಆ ರೈಲುಗಳ ಇಕ್ಕೆಲದಲ್ಲೂ ಆಗಲೇ ಬೆಳೆಯಿತ್ತು, ಕೊಳ್ಳುವವರಿದ್ದರು, ಸಾಗಿಸಲು ಎತ್ತಿನ ಗಾಡಿ ಸಾಲುತ್ತಿರಲಿಲ್ಲ.

ಇಥಿಯೋಪಿಯಾದ ಅನುಭವ ಇದಕ್ಕಿಂತ ತೊಡಕಿನದು. ಅಲ್ಲಿ ಬೇಡಿಕೆ ಇರಲಿಲ್ಲ ಎನ್ನುವಂತಿಲ್ಲ. ಹತ್ತು ಕೋಟಿ ಮೀರಿದ ಜನಸಂಖ್ಯೆ, ಕಡಲ ತೀರವಿಲ್ಲ, ವಿದೇಶಿ ವ್ಯಾಪಾರದ ಬಹುಪಾಲು ನೆರೆಯ ಜಿಬೂಟಿ ಬಂದರಿನ ಮೂಲಕ, ಅಲ್ಲಿಗೆ ಲಾರಿಗಳ ಉದ್ದನೆಯ ಸಾಲು. ಆದ್ದರಿಂದ ಚೀನಾದ ಸಾಲದಲ್ಲಿ ಅಡಿಸ್ ಅಬಾಬಾದಿಂದ ಜಿಬೂಟಿಗೆ 750 ಕಿ.ಮೀ. ವಿದ್ಯುತ್ ರೈಲು ಮಾರ್ಗ ಹಾಕಿದ್ದು ಮೂರ್ಖ ತೀರ್ಮಾನವಲ್ಲ. 2016ರಲ್ಲಿ ಉದ್ಘಾಟನೆಯಾಯಿತು, 2018ರ ಜನವರಿಯಲ್ಲಿ ವಾಣಿಜ್ಯ ಸಂಚಾರ ಶುರುವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಾಲದ ಅವಧಿಯನ್ನು ಹತ್ತು ವರ್ಷದಿಂದ ಮೂವತ್ತಕ್ಕೆ ಎಳೆಯಬೇಕಾಯಿತು. ವಿದ್ಯುತ್ ಕಡಿತ, ತಂತಿ ಕಳವು, ನಿರೀಕ್ಷೆಗಿಂತ ಕಡಿಮೆ ಸರಕು. ದೊಡ್ಡ ತೊಂದರೆ ಇನ್ನೊಂದಿತ್ತು. ಇಥಿಯೋಪಿಯಾ ಹೊರಗಿನಿಂದ ತರಿಸುವುದು ರಾಶಿ, ಕಳಿಸುವುದು ಸ್ವಲ್ಪ. ಬರುವಾಗ ತುಂಬಿದ ವ್ಯಾಗನ್ನು ಹೋಗುವಾಗ ಖಾಲಿಯಾದರೆ ಯಾವ ರೈಲಿನ ಲೆಕ್ಕವೂ ಕೂಡಿಬರುವುದಿಲ್ಲ.

ಆ ಖಾಲಿ ವ್ಯಾಗನ್ನು ತುಂಬಬೇಕಾದರೆ ರಫ್ತು ಹೆಚ್ಚಬೇಕು, ಕೈಗಾರಿಕಾ ಪಾರ್ಕುಗಳನ್ನು ಕಟ್ಟಿದ್ದು ರಫ್ತಿಗಾಗಿಯೇ. ಅಡಿಸ್‌ನಿಂದ ದಕ್ಷಿಣಕ್ಕೆ 275 ಕಿ.ಮೀ. ದೂರದ ಹವಾಸಾದಲ್ಲಿ ಚೀನೀ ಕಂಪನಿಯೊಂದು ಒಂಬತ್ತು ತಿಂಗಳಲ್ಲಿ ಗಾರ್ಮೆಂಟ್ ಪಾರ್ಕ್ ಎಬ್ಬಿಸಿತು. ಬಣ್ಣದ ನೀರು ಒಂದು ಹನಿಯೂ ಕೆರೆಗೆ ಹೋಗದಂತೆ ಶುದ್ಧೀಕರಣ ಘಟಕವೂ ಇತ್ತು. ಟಾಮಿ ಹಿಲ್‌ಫಿಗರ್, ಕ್ಯಾಲ್ವಿನ್ ಕ್ಲೈನ್ ಬ್ರ್ಯಾಂಡುಗಳ ಒಡೆತನದ ಅಮೆರಿಕದ ಪಿವಿಎಚ್ ಮುಂದೆ ನಿಂತು ಪೂರೈಕೆದಾರರನ್ನು ಕರೆತಂದಿತು, ಭಾರತದ ರೇಮಂಡ್ ಸಹ ಅಲ್ಲಿ ಸೂಟು ಹೊಲಿಯಲು ಶುರು ಮಾಡಿತು. ಶೆಡ್ಡುಗಳು ಜಗತ್ತಿನ ಯಾವ ಪಾರ್ಕಿಗೂ ಕಡಿಮೆಯಿರಲಿಲ್ಲ. ಹಳ್ಳಿಯಿಂದ ಬಂದ ಹುಡುಗಿಯರು ರಾತ್ರಿ ಎಲ್ಲಿ ಮಲಗಬೇಕು ಎಂಬುದನ್ನು ಮಾತ್ರ ಯಾರೂ ಸರಿಯಾಗಿ ಯೋಚಿಸಿರಲಿಲ್ಲ. ತಿಂಗಳಿಗೆ ಸುಮಾರು 26 ಡಾಲರ್ ಮೂಲ ವೇತನ. ಪಾರ್ಕ್ ಬಂದದ್ದೇ ಊರಿನಲ್ಲಿ ಬಾಡಿಗೆ ಏರಿತು. ಒಂದು ಕೋಣೆಯಲ್ಲಿ ನಾಲ್ಕು ಜನ ಇದ್ದರೂ ಕೈಯಲ್ಲಿ ಕಾಸು ಉಳಿಯದು. ಹೊಲಿಗೆ ಕಲಿತು ಕೈ ಕುದುರುವ ಹೊತ್ತಿಗೆ ಊರಿಗೆ ವಾಪಸ್ ಹೋಗುವವರೇ ಹೆಚ್ಚಾದರು. ಕೆಲಸಗಾರರ ವಸತಿಯನ್ನು ಮೂಲಸೌಕರ್ಯದ ಪಟ್ಟಿಗೆ ಸೇರಿಸದಿದ್ದದ್ದು ಅಗ್ಗದ ಕೂಲಿಯ ಲಾಭವನ್ನೇ ತಿಂದುಹಾಕಿತು. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ ಹೆಣ್ಣುಮಕ್ಕಳ ಬದುಕು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ 2020ರ ನವೆಂಬರಿನಲ್ಲಿ ದೇಶದ ಉತ್ತರದ ಟಿಗ್ರೇ ಪ್ರಾಂತ್ಯದಲ್ಲಿ ಅಂತರ್ಯುದ್ಧ. ಮರುವರ್ಷ ಪಿವಿಎಚ್ ಜಾಗ ಖಾಲಿ ಮಾಡಿತು. 2022ರ ಜನವರಿ 1ರಿಂದ ಅಮೆರಿಕ ಇಥಿಯೋಪಿಯಾಕ್ಕೆ ಕೊಟ್ಟಿದ್ದ ಸುಂಕರಹಿತ ಪ್ರವೇಶವನ್ನು ಕಿತ್ತುಕೊಂಡಿತು. ರಸ್ತೆ, ರೈಲು, ಶೆಡ್ಡು ಎಲ್ಲ ಇದ್ದಲ್ಲೇ ಇದ್ದವು, ಅವುಗಳನ್ನು ಕಟ್ಟಿದ ಕಾರಣ ಮಾತ್ರ ವಾಷಿಂಗ್ಟನ್‌ನ ಒಂದು ಆದೇಶದಲ್ಲಿ ಹೋಯಿತು. 2023ರ ಡಿಸೆಂಬರಿನಲ್ಲಿ 3.3 ಕೋಟಿ ಡಾಲರಿನ ಬಾಂಡ್ ಬಡ್ಡಿ ಕಟ್ಟಲಾಗದೆ ದೇಶ ಸುಸ್ತಿದಾರನಾಯಿತು. ಹಾಗಂತ ಎಲ್ಲರೂ ಆಫ್ರಿಕಾದಿಂದ ಕಾಲ್ತೆಗೆದರು ಎಂದಲ್ಲ. ಬೆಂಗಳೂರಿನ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ 2024ರ ಆರಂಭದಲ್ಲಿ ಕೊಂಡ ಅಟ್ರಾಕೊ ಕಂಪನಿಯ ಕಾರ್ಖಾನೆಗಳು ಇರುವುದು ಕೀನ್ಯಾ ಮತ್ತು ಇಥಿಯೋಪಿಯಾದಲ್ಲಿ.

ಹೂಡಿಕೆ ಬಂತು ಎಂದರೂ ಬೆಳವಣಿಗೆ ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ. ವಿಯೆಟ್ನಾಂಗೆ 2024ರಲ್ಲಿ ನಿಜಕ್ಕೂ ಹರಿದುಬಂದ ವಿದೇಶಿ ಹೂಡಿಕೆ 2,500 ಕೋಟಿ ಡಾಲರ್ ದಾಟಿತು. ಅಲ್ಲಿನ ರಫ್ತಿನಲ್ಲಿ ವಿದೇಶಿ ಕಂಪನಿಗಳ ಪಾಲು ಶೇ 70ಕ್ಕೂ ಹೆಚ್ಚು. ಕೇಳಲು ಭರ್ಜರಿ. ಆದರೆ ಬಿಡಿಭಾಗಗಳಲ್ಲಿ ದೊಡ್ಡ ಪಾಲು ಚೀನಾದಿಂದ, ಕೊರಿಯಾದಿಂದ ಬಂದು, ಜೋಡಣೆಯಾಗಿ, ಅದೇ ಒಳ್ಳೆಯ ರಸ್ತೆಯಲ್ಲಿ ಹೊರಟುಹೋಗುತ್ತದೆ. ಕೂಲಿ, ಬಾಡಿಗೆ, ವಿದ್ಯುತ್ ಬಿಲ್ಲು, ಪ್ಯಾಕಿಂಗ್ ಡಬ್ಬಿ ಇವಿಷ್ಟು ಊರಿಗೆ ಉಳಿಯುತ್ತವೆ. ಸ್ಥಳೀಯ ಕಂಪನಿಗಳು ಆ ಸರಪಳಿಯೊಳಗೆ ಬರುವುದು ನಿಧಾನವಾಗಿದೆ. ಲಕ್ಷಾಂತರ ಜನ ಗದ್ದೆಯಿಂದ ಸಂಬಳದ ಕೆಲಸಕ್ಕೆ ಬಂದದ್ದು ಕಡಿಮೆ ಸಾಧನೆಯಲ್ಲ, ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಮುಂದಿನ ಹೆಜ್ಜೆಗೆ ಬೇಕಾದದ್ದು ಡಿಪ್ಲೊಮಾ ಓದಿದ ಹುಡುಗರು, ಸಣ್ಣ ಉದ್ಯಮಕ್ಕೆ ಸಿಗುವ ಸಾಲ, ಅಚ್ಚು ಮಾಡುವ ಟೂಲ್‌ರೂಮುಗಳು. ಇವು ಯಾವುದಕ್ಕೂ ಟೇಪು ಕತ್ತರಿಸುವ ಸಮಾರಂಭ ಇಲ್ಲ.

ಸಿಮೆಂಟೇ ಬೇಡದ ಮೂಲಸೌಕರ್ಯವೂ ಉಂಟು. 2025ರ ವಸಂತದಲ್ಲಿ ಅಮೆರಿಕದ ಹೊಸ ಸುಂಕದ ಭಯಕ್ಕೆ ಆ್ಯಪಲ್ ಕಂಪನಿ ಭಾರತದಿಂದ ಸುಮಾರು 600 ಟನ್ ಐಫೋನ್‌ಗಳನ್ನು ವಿಮಾನಗಳಲ್ಲಿ ಸಾಗಿಸಿತು ಎಂದು ರಾಯಿಟರ್ಸ್ ವರದಿ ಮಾಡಿತು. ಚೆನ್ನೈ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಮುಗಿಸಲು ಹಿಡಿಯುತ್ತಿದ್ದ 30 ಗಂಟೆಯನ್ನು 6 ಗಂಟೆಗೆ ಇಳಿಸಿಕೊಟ್ಟಿದ್ದರು. ರನ್‌ವೇ ಅದೇ, ಕಟ್ಟಡ ಅದೇ. ದೊಡ್ಡ ಕಂಪನಿಗೆ ಸಿಕ್ಕ ಈ 6 ಗಂಟೆ ತಿರುಪ್ಪೂರಿನ ಬನಿಯನ್ನು ಕಳಿಸುವ ಸಣ್ಣ ರಫ್ತುದಾರನಿಗೂ ಸಿಕ್ಕರೆ ಅದು ಇನ್ನೊಂದು ಟರ್ಮಿನಲ್ ಕಟ್ಟಿದ್ದಕ್ಕೆ ಸಮ.

ನಮ್ಮಲ್ಲಿ ಚರ್ಚೆ ಇನ್ನೂ ಒಪ್ಪಂದದ ಮೊತ್ತದ ಸುತ್ತಲೇ ಇದೆ. 2025ರ ಫೆಬ್ರುವರಿಯ ‘ಇನ್ವೆಸ್ಟ್ ಕರ್ನಾಟಕ’ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಬಂತು. ಐದೇ ತಿಂಗಳಲ್ಲಿ, ಜುಲೈ 15ರಂದು, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವೈಮಾನಿಕ ಉದ್ಯಮಗಳ ಪಾರ್ಕಿಗೆಂದು ಹೊರಟಿದ್ದ 1,777 ಎಕರೆ ಸ್ವಾಧೀನವನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ ಕೈಬಿಟ್ಟರು. ಮೂರು ವರ್ಷ ದಾಟಿದ ರೈತರ ಹೋರಾಟದ ಫಲ ಅದು. ಅಂದೇ ಆಂಧ್ರದ ಸಚಿವ ನಾರಾ ಲೋಕೇಶ್, ನಮ್ಮಲ್ಲಿಗೆ ಬನ್ನಿ, ಬೆಂಗಳೂರಿಗೆ ಹತ್ತಿರದಲ್ಲೇ 8,000 ಎಕರೆ ಸಿದ್ಧವಿದೆ ಎಂದು ವೈಮಾನಿಕ ಉದ್ಯಮದವರನ್ನು ಕರೆದರು. ರೈತರಿಂದಾಗಿ ಹೂಡಿಕೆ ಕೈತಪ್ಪಿತು ಎಂಬ ಗೊಣಗಾಟ ಕೇಳಿಬಂತು. ತರಕಾರಿ, ಹಾಲು, ಹೂವು ಬೆಳೆದು ಒಳ್ಳೆಯ ಆದಾಯ ತೆಗೆಯುತ್ತಿರುವ ಭೂಮಿಯನ್ನು ಆರಿಸಿಕೊಂಡು, ಒಪ್ಪಿಗೆ ಕೇಳುವ ಮೊದಲೇ ನೋಟಿಸು ಕೊಟ್ಟವರ ಪಾಲೂ ಅದರಲ್ಲಿದೆ. ಜನರ ಒಪ್ಪಿಗೆಯಿಲ್ಲದ ಜಮೀನು ಹೂಡಿಕೆದಾರನಿಗೆ ಕೋರ್ಟು ಕೇಸಿನಂತೆಯೇ ಕಾಣುತ್ತದೆ, ನಕಾಶೆಯಲ್ಲಿ ಎಷ್ಟೇ ಚೆಂದ ಇರಲಿ.

ಬೆಂಗಳೂರಿನಿಂದ ಚೆನ್ನೈ ಬಂದರಿಗೆ ಸುಮಾರು 350 ಕಿ.ಮೀ. ಮಂಗಳೂರಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಆದರೂ ಬೆಂಗಳೂರಿನ ಕಂಟೇನರ್ ಸಾಮಾನ್ಯವಾಗಿ ಪೂರ್ವಕ್ಕೇ ಮುಖ ಮಾಡುತ್ತದೆ. ಪೂರ್ವಕ್ಕೆ ರಸ್ತೆ ಸಮತಟ್ಟು, ವೈಟ್‌ಫೀಲ್ಡಿನ ಕಂಟೇನರ್ ಡಿಪೊದಿಂದ ನೇರ ರೈಲಿದೆ, ಚೆನ್ನೈಗೆ ಬರುವ ಹಡಗುಗಳೂ ಹೆಚ್ಚು. ಪಶ್ಚಿಮಕ್ಕೆ ಶಿರಾಡಿ ಘಾಟಿ. 2024ರ ಜುಲೈನಲ್ಲಿ ಸಕಲೇಶಪುರ ಬಳಿಯ ದೋಣಿಗಾಲ್‌ನಲ್ಲಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ವಾಹನಗಳು ನಿಂತವು. ರೈಲು ಮಾರ್ಗವೂ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ. ಕಡಿದಾದ ಇಳಿಜಾರು, ಸಾಲು ಸುರಂಗ, ನಿಧಾನ ಗತಿ. ಮಂಗಳೂರಿನಲ್ಲಿ ಬಂದರು 1970ರ ದಶಕದಿಂದಲೂ ಇದೆ, ಕೊಡಗು–ಚಿಕ್ಕಮಗಳೂರಿನ ಕಾಫಿ ಅಲ್ಲಿಂದ ಹೋಗುತ್ತದೆ ಕೂಡ.

ಘಾಟಿಗೆ ಸುರಂಗ ಕೊರೆಯುವ ಮಾತು ವರ್ಷಗಳಿಂದ ಬಂದು ಹೋಗುತ್ತಲೇ ಇದೆ. ಪಶ್ಚಿಮಘಟ್ಟದ ಒಡಲು ಬಗೆಯುವ, ಸಾವಿರಾರು ಕೋಟಿಯ ಆ ತೀರ್ಮಾನಕ್ಕೆ ಮೊದಲು ಒಂದು ಲೆಕ್ಕ ಬೇಕು. ಮಂಗಳೂರಿಗೆ ಹೋಗಬಹುದಾದ ಎಷ್ಟು ಸರಕು ಇಂದು ಚೆನ್ನೈಗೆ ಹೋಗುತ್ತಿದೆ? ಅದರಲ್ಲಿ ಘಾಟಿಯ ಭಯಕ್ಕೆ ಹೋಗುವುದೆಷ್ಟು, ಮಂಗಳೂರಿಗೆ ಬೇಕಾದಷ್ಟು ಹಡಗು ಬರುವುದಿಲ್ಲ ಎಂದು ಹೋಗುವುದೆಷ್ಟು? ಮೊದಲನೆಯದೇ ಹೆಚ್ಚಾದರೆ ಇಳಿಜಾರಿಗೆ ತಡೆಗೋಡೆ, ನೀರು ಹರಿಯಲು ಸರಿಯಾದ ಚರಂಡಿ, ಮಳೆಗಾಲದಲ್ಲೂ ನಿಲ್ಲದ ರಸ್ತೆ ಇವನ್ನು ಮೊದಲು ಮಾಡಿ, ಆಮೇಲೂ ಸಾಲದಿದ್ದರೆ ಸುರಂಗದ ಮಾತಾಡಬಹುದು. ಎರಡನೆಯದೇ ಹೆಚ್ಚಾದರೆ ಬೆಟ್ಟ ಕೊರೆದ ಮೇಲೂ ಕಂಟೇನರ್ ಚೆನ್ನೈಗೇ ಹೋಗುತ್ತದೆ.